ಹರಕೆಯ ಕೈ

ತಗಡಿನ ಪುಟ್ಟ ಕೈಯನ್ನು ಊರ ಚರ್ಚಿನಲ್ಲಿ ಪನಾಗಿಯಾ ಎಂದು ಕರೆಯುವ ಮೇರಿ ಮಾತೆಯ ಚಿತ್ರಪಟದ ಕೆಳಗೆ ಕಟ್ಟಿ ಮಿರ್ಸಿನಿ ತಿರುಗಿದಳು. ಹಿಂದೆ ಪೊರಕೆ ಹಿಡಿದು ನೆರೆಮನೆಯ ಸ್ತಮತಿಯಾ ನಿಂತಿದ್ದಳು.

"ಅಯ್ಯೋ, ಕೈಗೇನಾಯ್ತೇ ಮಗಳೇ?"

"ಏಳ್ತಾನೇ ಇಲ್ಲ ಚಿಕ್ಕಮ್ಮ, ಬೇಸಿಗೆಯಿಂದ."

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜ ಹೇಳಲು ಬಾಯಿ ಬರಲಿಲ್ಲ. ಅದೇ ದಾರದಲ್ಲಿ ಕುರುಡರ ಕಣ್ಣು, ಕುಂಟರ ಕಾಲು, ಇನ್ನೂ ಹುಟ್ಟದ ಕೂಸುಗಳು ತಗಡಾಗಿ ತೂಗುತ್ತಿದ್ದವು. ಅವುಗಳ ನಡುವೆ ನಿಂತು, ಅರ್ಧಕ್ಕೆ ನಿಂತ ನನ್ನ ಕಾದಂಬರಿಯನ್ನು ನಡೆಸು ತಾಯೀ ಎಂದು ಬೇಡಿಕೊಂಡೆ ಎನ್ನುವುದು ಹೇಗೆ? ಕಾದಂಬರಿಗೆಂದು ಹರಕೆಯ ತಗಡು ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ; ಬರೆಯುವುದು ಕೈ ತಾನೇ ಎಂದು ಕೈಯನ್ನೇ ಕೊಂಡಿದ್ದಳು.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ. ಆಲಿವ್ ಕೊಯ್ಲಿನ ಕಾಲ. ಮರುದಿನವೇ ಮಿರ್ಸಿನಿಯ ಮರಗಳ ಕೆಳಗೆ ಹೆಂಗಸರು ಬಲೆ ಹಾಸಿದರು. ಕಾಯಿ ಉದುರಿಸಲು ಅವಳು ಕೋಲು ಮುಟ್ಟಿದರೆ ಸ್ತಮತಿಯಾ ಗದರಿದಳು. "ಕೈ ಎತ್ತಿದ್ಯೋ, ನೋಡು! ಹರಕೆ ಹೊತ್ತೋಳು ಸುಮ್ನೆ ಮನೇಲಿ ಕೂತ್ಕೋಬೇಕು." ಮಧ್ಯಾಹ್ನ ಯಾರಾದರೊಬ್ಬರು ಕಾಳಿನ ಸಾರು, ರೊಟ್ಟಿ ತಂದಿಟ್ಟು ಹೋಗುತ್ತಿದ್ದರು.

ಒಲೆಯಿಲ್ಲ, ಕಸವಿಲ್ಲ, ಕೊಯ್ಲಿಲ್ಲ. ಮಿರ್ಸಿನಿ ಅಪರಾಧಿಯಂತೆ ಮೇಜಿನ ಮುಂದೆ ಕುಳಿತಳು. ಮಾಡಲು ಬೇರೇನೂ ಉಳಿಯದೆ ಒಂದು ಸಾಲು ಬರೆದಳು. ಅದು ಇನ್ನೊಂದನ್ನು ಕರೆಯಿತು.

ಬರಹ ಸಾಗಿದಷ್ಟೂ ಎದೆ ಭಾರವಾಯಿತು. ವಾರ ಕಳೆಯುವಷ್ಟರಲ್ಲಿ ತಡೆಯಲಾರದೆ ತೋಟಕ್ಕೆ ಹೋಗಿ, ಬಲೆಯ ಮೇಲೆ ಮಂಡಿಯೂರಿ ಕಾಯಿ ಆರಿಸುತ್ತಿದ್ದ ಸ್ತಮತಿಯಾಳ ಮುಂದೆ ಕುಸಿದು ಕುಳಿತಳು.

"ಚಿಕ್ಕಮ್ಮ, ಕೈ ಚೆನ್ನಾಗೇ ಇತ್ತು. ಕಥೆ ಬರೆಯೋಕಾಗ್ತಿರಲಿಲ್ಲ, ಅಷ್ಟೆ."

"ಕಥೆಗೋಸ್ಕರ ಹರಕೆನಾ? ಥೂ ನಿನ್ನ! ನಿನ್ನ ಕಾಯಿ ಆರಿಸಿ ಆರಿಸಿ ನನ್ನ ಸೊಂಟ ಬಿದ್ದುಹೋಯ್ತಲ್ಲೇ ಮಹರಾಯ್ತಿ!" ಸ್ತಮತಿಯಾ ನಡು ಹಿಡಿದು ಎದ್ದು ದುರುಗುಟ್ಟಿದಳು. ಆಮೇಲೆ ಕೇಳಿದಳು, "ಈಗ ಬರೀತಿದ್ಯಾ?"

"ಹೂಂ."

"ಮುಗೀತಾ?"

"ಕೊನೆ ಅಧ್ಯಾಯ ಬಾಕಿ."

ಮರಗಳಾಚೆ ಹರಟುತ್ತಿದ್ದ ಹೆಂಗಸರನ್ನು ಸ್ತಮತಿಯಾ ಓರೆಗಣ್ಣಿನಲ್ಲಿ ನೋಡಿದಳು.

"ಮಾತೆ ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡ್ಸೋಕೆ ನಾನ್ಯಾರು? ಬರೆಯೋ ಕೈ ಯಾವ್ದು?"

"ಬಲಗೈ."

ಸ್ತಮತಿಯಾ ತಲೆಯ ಕಪ್ಪು ವಸ್ತ್ರ ಬಿಚ್ಚಿ, ಮಿರ್ಸಿನಿಯ ಎಡಗೈಯನ್ನು ಮಡಿಸಿ, ಕೊರಳಿಗೆ ಬಿಗಿಯಾಗಿ ಜೋಲಿ ಕಟ್ಟಿದಳು.