ಕೊನೆಯ ಫೋಟೊದಲ್ಲಿ ದೀಪಸ್ತಂಭ

ಒದ್ದೆ ಚರ್ಮದ ವಾಸನೆ ಈಗಲೂ ನನ್ನನ್ನು ಆ ಕಡಲತೀರಕ್ಕೆ ಒಯ್ಯುತ್ತದೆ. ಅಂದು ಆಕಾಶ ನೀಲಿಯಾಗಿತ್ತೆಂದು ನೆನಪು ಹೇಳುತ್ತದೆ, ಕಪ್ಪು-ಬಿಳುಪು ಫೋಟೊ ಒಪ್ಪುವುದಿಲ್ಲ. ನಾನು ಎರಡನ್ನೂ ಪೂರ್ತಿ ನಂಬುವುದಿಲ್ಲ.

ಔರಾದದಿಂದ ನಾವು ಮೊದಲ ಸಲ ಸಮುದ್ರ ನೋಡಲು ಹೋಗಿದ್ದೆವು. ಭಾಲ್ಕಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಸೋದರಮಾವನ ಕ್ಯಾಮೆರಾದಲ್ಲಿ ಒಂದೇ ಫೋಟೊಗಾಗುವಷ್ಟು ರೀಲು ಉಳಿದಿತ್ತು. ಅದರಲ್ಲಿ ದೀಪಸ್ತಂಭವೊಂದೇ ಇರಬೇಕೆಂದು ಅವನ ಆಸೆ. ಅಷ್ಟರಲ್ಲಿ ಅಜ್ಜಿ ಅದರ ಬುಡಕ್ಕೆ ಹೋಗಿ, ಸೆರಗು ಸರಿಮಾಡಿಕೊಂಡು ನಿಂತಳು.

“ಅವ್ವಾ, ಜರಾ ಬಾಜೂಕ ಸರಿ. ಬರೀ ಕಂಬದ್ದು ತೆಗಿತೇನಿ.”

“ಮಂದಿ ಇಲ್ಲದ ಫೋಟೊ ಯಾರು ನೋಡ್ತಾರೋ ಖೋಡಿ? ನನ್ನ ಕಾಲು ಕಡಿಬ್ಯಾಡ, ಇದರ ತಲಿನೂ ಕಡಿಬ್ಯಾಡ.”

ಎರಡನ್ನೂ ಹಿಡಿಸಲು ಮಾವ ಹಿಂದೆ ಹಿಂದೆ ಸರಿದ. ಮರಳು ಮುಗಿಯಿತು. ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕ್ಲಿಕ್ ಎಂದದ್ದೇ ತೆರೆಯೊಂದು ಹಿಂದಿನಿಂದ ಬಡಿಯಿತು. ಅವನು ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಉಳಿಸಿಕೊಂಡ, ಕೊರಳಲ್ಲಿದ್ದ ಅದರ ಚರ್ಮದ ಚೀಲ ತೊಯ್ದು ತೊಪ್ಪೆಯಾಯಿತು.

ಫೋಟೊದಲ್ಲಿ ಕಂಬ ಪೂರ್ತಿ ಬಂದಿತ್ತು. ಬುಡದಲ್ಲಿ ಕಡ್ಡಿಯಷ್ಟು ಅಜ್ಜಿ, ಕಾಲುಸಮೇತ. ಅವಳು ಅದನ್ನು ಓಣಿಗೆಲ್ಲ ತೋರಿಸಿದಳು.

“ಇದರಾಗ ಸಮುದ್ರ ಎಲ್ಲಿ ಅದರಿ?” ಎಂದಳು ಪಕ್ಕದ ಮನೆಯಾಕೆ.

“ಅದು ನನ್ನ ಮಗನ ಪ್ಯಾಂಟಿನಾಗ ಅದ,” ಎಂದಳು ಅಜ್ಜಿ.