ಕೆಂಪು ದಾರ

ಮಳೆಗಾಲ ಪೂರ್ತಿ ಗ್ಯಾರೇಜಿನ ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಬಿಡಿಸಿಕೊಂಡು ಹೋದ ಗಿರಾಕಿ ಮರುದಿನವೇ ತಿರುಗಿ ಬಂದ.

"ಏರಿನಲ್ಲಿ ಹುಚ್ಚು ಕುದುರೆ ಥರ ನುಗ್ಗುತ್ತೆ ಮೇಸ್ತ್ರಿ, ಆಮೇಲೆ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತೆ."

ಮೇಸ್ತ್ರಿ ಮೀಟರು ಜೋಡಿಸಿ ನೋಡಿದ. "ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊದ ಒತ್ತಡ ಮಿತಿ ಮೀರ್ತಿದೆ ಸಾರ್, ಅದಕ್ಕೇ ಎಂಜಿನ್ನು ತಾನೇ ತಡೆ ಹಾಕ್ಕೊಳ್ತಿದೆ. ಅದನ್ನ ಹಿಡಿತದಲ್ಲಿಡೋ ಸಣ್ಣ ಪೈಪು ಮುಚ್ಚಿಕೊಂಡಿರಬೇಕು. ಕಣಜ ಗೂಡು ಕಟ್ಟಬಾರದು ಅಂತ ಪೈಪುಗಳಿಗೆಲ್ಲ ಚಿಂದಿ ತುರುಕಿದ್ವಿ. ಒಂದನ್ನ ತೆಗೆಯೋದು ಮರೆತಿದ್ದಾನೆ, ನಮ್ಮ ದಸ್ತಗೀರ."

"ಅವನೇ ಅಂತ ಹೇಗೆ ಹೇಳ್ತೀರಿ?"

"ತಾನು ತುರುಕಿದ ಚಿಂದಿಗೆಲ್ಲ ಗುರುತಿಗೆ ಕೆಂಪು ದಾರ ಕಟ್ತಾನೆ. ನೋಡ್ತಿರಿ, ದಾರ ಸಿಕ್ಕಿದ್ರೆ ಇವತ್ತೇ ಮನೆಗೆ ಕಳಿಸ್ತೀನಿ."

ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ದಸ್ತಗೀರ ಬಾನೆಟ್ಟಿನೊಳಗೆ ಬಾಗಿ ಇಕ್ಕಳದಿಂದ ಚಿಂದಿಯನ್ನು ಎಳೆದ. ಪಕ್ಕದಲ್ಲಿದ್ದ ಮೇಸ್ತ್ರಿ ಇಣುಕಿದ. ದಾರವಿರಲಿಲ್ಲ. ಅದು ತನ್ನದೇ ಹಳೆಯ ನೀಲಿ ಲುಂಗಿಯ ತುಂಡು, ತಾನೇ ತುರುಕಿ ಮರೆತದ್ದು. ಭೂಮಿ ಬಾಯ್ಬಿಡಬಾರದೇ ಎಂದು ಮೇಸ್ತ್ರಿಗೆ ಅನ್ನಿಸಿತು.

ಗಿರಾಕಿ ಹತ್ತಿರ ಬರುವಷ್ಟರಲ್ಲಿ ದಸ್ತಗೀರ ಜೇಬಿನಿಂದ ಕೆಂಪು ದಾರ ತೆಗೆದು, ಚಿಂದಿಗೆ ಸುತ್ತಿ, ಗಿರಾಕಿಯ ಕೈಗಿಟ್ಟ.

"ನಂದೇ ತಪ್ಪು, ಸಾರ್."