ಅಂಗೈಯ ಅಂಜನ

ಸಾಸ್ವೆಹಳ್ಳಿಯ ಚಾವಡಿಯಲ್ಲಿ ಮೋದಿನ್‌ಸಾಬ ಅಂಗೈಗೆ ಅಂಜನ ಬಳಿದುಕೊಂಡು ಕೂತಿದ್ದ. ಕಳ್ಳರನ್ನೂ ಕೊಲೆಗಾರರನ್ನೂ ಅದರಲ್ಲಿ ನೋಡಿ ಹೇಳುವವನೆಂದು ಅವನಿಗೆ ಹೊನ್ನಾಳಿಯವರೆಗೂ ಹೆಸರಿತ್ತು. ಈ ಸಲ ಕೊಲೆಯಾದವನು ಅವನ ಮಗನೇ, ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಇಮಾಮ.

“ದಫೇದಾರ್ರು ಬರೋದ್ರೊಳಗೆ ಹೇಳಪಾ. ಹೊಳೆಯಾಚೆ ಕಳ್ಳರೇ ಕಾಣ್ತಾರಲ್ಲ?” ಎಂದರು ಪಟೇಲ ಮಲ್ಲಿಕಾರ್ಜುನಪ್ಪ.

ಮೋದಿನ್‌ಸಾಬ ಎದ್ದವನೇ ಅಂಗೈಯ ಕಪ್ಪನ್ನು ಪಟೇಲರ ಬಿಳಿ ಅಂಗಿಗೆ ಒತ್ತಿ ಒರೆಸಿದ. ಜನ ಹೌಹಾರಿದರು.

“ಇದರಾಗೆ ಏನೂ ಕಾಣಲ್ಲ! ಮೂವತ್ತು ವರ್ಷ ಸುಳ್ಳು ಹೇಳೀನಿ. ನನ್ನ ಮಗನ್ನ ಹಾಡಹಗಲೇ ದಾರ್‍ಯಾಗೆ ಬಡಿದು ಕೊಂದಾರೆ. ಕಂಡೋರು ನೀವು, ಹೇಳಾಕೆ ನಾನು ಬೇಕೇನ್ರೋ? ನಿಮಗೆ ಬಾಯಿಲ್ವೇನು?”

“ಇವನಿಗೆ ಹುಚ್ಚು ಹಿಡಿದೈತೆ, ಎಳಕೊಂಡು ಹೋಗ್ರಿ,” ಎಂದು ಪಟೇಲರು ಗದರಿದರು. ಆಗ ಗುಂಪನ್ನು ಸರಿಸಿಕೊಂಡು ಪಟೇಲರ ಸೊಸೆ ಕಸ್ತೂರಮ್ಮ ಚಾವಡಿಯ ಮೆಟ್ಟಿಲು ಹತ್ತಿ ಬಂದಳು.

“ಹೊಲಕ್ಕೆ ಬುತ್ತಿ ಒಯ್ಯುವಾಗ ನಾನು ನೋಡೀನಿ, ಮಾವ. ಲಾಳ ಕಟ್ಟಿದ ಎತ್ತು ಕುಂಟಿತು ಅಂತ ಬಡಿಗೆ ತಗೊಂಡು ಕೊಂದಿದ್ದು...”

“ಮುಚ್ಚು ಬಾಯಿ!”

“ಕೊಟ್ರಬಸಪ್ಪ!” ಎಂದಳು ಅವಳು. ಮದುವೆಯಾಗಿ ಹನ್ನೆರಡು ವರ್ಷ ಬಾಯಲ್ಲಿ ಆಡದ ಗಂಡನ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದಳು.